ಯಹೂದ್ಯರ ಶಾಸ್ತ್ರಗ್ರಂಥಗಳೂ ಇಂದಿನ ವಿಜ್ಞಾನವೂ



ಓದು ಕಲಿತ ಭಕ್ತರಿಂದ, ಅದರಲ್ಲಿಯೂ ಕಾಲೇಜಿಗೆ ಹೋಗುವ ಮಕ್ಕಳಿಂದ, ನಮಗೆ ಆಗಾಗ ಬರುವ ಪ್ರಶ್ನೆ ಒಂದುಂಟು. ಇಂದಿನ ವಿಜ್ಞಾನಿಗಳು ಕಂಡುಹಿಡಿದುದೆಲ್ಲ ಹಿಂದಿನವರಿಗೆ ಮೊದಲೇ ಗೊತ್ತಿತ್ತಂತೆ, ಧರ್ಮಗ್ರಂಥಗಳಲ್ಲಿ ಬರೆದಿಟ್ಟಿದ್ದಾರಂತೆ, ಹೌದೆ ಬುದ್ಧಿ, ಎಂದು ಕೇಳುತ್ತಾರೆ. ಹೌದು ಎನ್ನಿಸಿಕೊಂಡು ಹೋಗಬೇಕೆಂಬ ಆಸೆ ಆ ಪ್ರಶ್ನೆಯಲ್ಲಿಯೇ ಇರುತ್ತದೆ. ನಮ್ಮ ಗ್ರಂಥಗಳನ್ನೇ ಮುಂದಿಟ್ಟುಕೊಂಡು ಇದನ್ನು ವಿಚಾರಿಸಹೋದರೆ ಮಮಕಾರ ಅಡ್ಡ ಬರುತ್ತದೆ. ತನ್ನ ಎತ್ತಿಗೆ ತಾನೇ ಬೆಲೆ ಕಟ್ಟುವವನ ಪಾಡಾಗುತ್ತದೆ. ಅದಕ್ಕಾಗಿ ಇಂದು ನಾವು ಬೇರೆಯವರ ಮನೆಯ ಗ್ರಂಥಗಳನ್ನು ಎತ್ತಿಕೊಂಡಿದ್ದೇವೆ, ಯಹೂದ್ಯರವು. ಈ ಪ್ರಶ್ನೆಯನ್ನು ಅವರು ಬಹುಕಾಲದಿಂದ ಬಿಚ್ಚುಮನಸ್ಸಿನಿಂದ ಚರ್ಚಿಸುತ್ತ ಬಂದಿದ್ದಾರೆ.

ಯಹೂದ್ಯರ ಮೂಲಗ್ರಂಥ ತೋರಾ, ಎಂದರೆ ಮೋಶೆಯ ಐದು ಪುಸ್ತಕಗಳು. ಕ್ರೈಸ್ತರ ಬೈಬಲ್ಲಿನ ಮೊದಲಿಗೂ ಇವೇ ಇವೆ. ತೋರಾದ ವಿಧಿಗಳನ್ನು ಹೇಗೆ ಆಚರಿಸಬೇಕೆಂದು ರಬ್ಬಿಗಳು, ಎಂದರೆ ಶಾಸ್ತ್ರ ಬಲ್ಲ ಗುರುಗಳು, ತಲೆತಲಾಂತರ ನಡೆಸಿದ ಚರ್ಚೆ ತಾಲ್ಮೂದ್ ಎಂಬ ಮಹಾಗ್ರಂಥವಾಯಿತು. ಇದರಲ್ಲಿ ಮುಖ್ಯವಾದುದು ಬಾಬಿಲೋನಿನಲ್ಲಿ, ಇಂದಿನ ಇರಾಕಿನಲ್ಲಿ, ಕ್ರಿ.ಶ. ೫೦೦-೬೦೦ರ ಸುಮಾರಿಗೆ ಒಂದು ರೂಪಕ್ಕೆ ಬಂತು. ಅದರ ವಿಶೇಷವೆಂದರೆ ತೀರ್ಪನ್ನಷ್ಟೇ ಬರೆದು ಮುಗಿಸಿಲ್ಲ, ವಾದವನ್ನೂ ಬರೆದಿದ್ದಾರೆ, ವಾದದಲ್ಲಿ ಸೋತವನ ಮಾತನ್ನೂ ಅಳಿಸದೆ ಇಟ್ಟಿದ್ದಾರೆ. ಶೂನ್ಯಸಂಪಾದನೆಯ ಸಂವಾದಗಳನ್ನು ಓದಿದ ನಿಮಗೆ ಮಾತಿಗೆ ಮಾತು ಕೊಡುವ ಈ ರೀತಿ ಹೊಸದೇನಲ್ಲ.

ಈ ತಾಲ್ಮೂದಿನಲ್ಲಿ ವಿಜ್ಞಾನ ಮೊದಲೇ ಅಡಗಿತ್ತು ಎನ್ನುವವರು ಮುಂದೆ ಇಡುವ ದೊಡ್ಡ ಸಾಕ್ಷಿ ಚಂದ್ರನ ಲೆಕ್ಕ. ಯಹೂದ್ಯರದೂ ನಮ್ಮ ಪಂಚಾಂಗದಂತೆ ಚಾಂದ್ರಮಾಸ. ನಮಗೆ ಅಧಿಕಮಾಸ ಬರುವಂತೆ ಅವರಿಗೂ ಹತ್ತೊಂಬತ್ತು ವರ್ಷಕ್ಕೆ ಏಳು ತಿಂಗಳು ಹೆಚ್ಚು ಬರುತ್ತವೆ. ಹಿಂದೆ ಅಮಾವಾಸ್ಯೆ ಕಳೆದು ಹೊಸ ಚಂದ್ರನನ್ನು ಕಂಡವರು ಬಂದು ಸಾಕ್ಷಿ ಹೇಳಬೇಕಾಗಿತ್ತು, ಆ ಮೇಲೆ ತಿಂಗಳು ಸಾರುತ್ತಿದ್ದರು. ಮೊದಲನೆಯ ಶತಮಾನದ ಕೊನೆಯಲ್ಲಿ ರಬ್ಬಾನ್ ಗಮ್ಲಿಯೇಲ್ ಎಂಬ ಹಿರಿಯರು ತಮ್ಮ ಮೇಲುಮನೆಯ ಗೋಡೆಯಲ್ಲಿ ಚಂದ್ರನ ಆಕಾರಗಳನ್ನು ಬರೆಸಿ, ನೀನು ಕಂಡದ್ದು ಹೀಗೋ ಹಾಗೋ ಎಂದು ಹಳ್ಳಿಯ ಸಾಕ್ಷಿಗಳನ್ನು ವಿಚಾರಿಸುತ್ತಿದ್ದರಂತೆ. ಒಂದು ಅಮಾವಾಸ್ಯೆಯಿಂದ ಇನ್ನೊಂದಕ್ಕೆ ಇಪ್ಪತ್ತೊಂಬತ್ತೂವರೆ ದಿನ, ಒಂದು ಗಂಟೆಯ ಮೂರರಲ್ಲಿ ಎರಡು ಪಾಲು, ಇನ್ನೂ ೭೩ ಭಾಗ ಬೇಕೆಂದು ಅವರು ತಮ್ಮ ಅಜ್ಜನ ಮನೆಯಿಂದ ಬಂದ ಲೆಕ್ಕ ಹೇಳಿದರು. ಒಂದು ಗಂಟೆಗೆ ೧೦೮೦ ಭಾಗ. ಕೂಡಿದರೆ ೨೯ ದಿನ, ೧೨ ಗಂಟೆ, ೪೪ ನಿಮಿಷ, ಮೂರೂಕಾಲು ಸೆಕೆಂಡಿಗಿಂತ ತುಸು ಹೆಚ್ಚು. ಇಂದಿನ ಖಗೋಳಶಾಸ್ತ್ರದ ಸರಾಸರಿ ಲೆಕ್ಕಕ್ಕೂ ಇದಕ್ಕೂ ಅರ್ಧ ಸೆಕೆಂಡಿನ ವ್ಯತ್ಯಾಸವೂ ಸರಿಯಾಗಿ ಇಲ್ಲ.

ಕೇಳಿದರೆ ಮೈ ಜುಮ್ಮೆನ್ನುತ್ತದೆ. ದೂರದರ್ಶಕವಿಲ್ಲದ ಕಾಲದಲ್ಲಿ ಇದು ದೇವರು ತಿಳಿಸದೆ ಗೊತ್ತಾಗುವ ಮಾತೆ, ಎಂದು ಅವರು ಕೇಳುತ್ತಾರೆ. ಆದರೆ ಹತ್ತೊಂಬತ್ತನೆಯ ಶತಮಾನದಲ್ಲಿ ಬಾಬಿಲೋನಿನ ಮಣ್ಣಿನ ಫಲಕಗಳು ನೆಲದಿಂದ ಎದ್ದುಬಂದವು. ಅವುಗಳ ಲಿಪಿ ಓದಿ ಲೆಕ್ಕ ಬಿಡಿಸಿದವರು ಮೂವರು ಕ್ರೈಸ್ತ ಪಾದ್ರಿಗಳು, ಸ್ಟ್ರಾಸ್‌ಮಾಯರ್, ಎಪಿಂಗ್ ಮತ್ತು ಕುಗ್ಲರ್ ಎಂಬವರು. ಗಮ್ಲಿಯೇಲರಿಗಿಂತ ಕೆಲವು ಶತಮಾನ ಮೊದಲಿನ ಆ ಫಲಕಗಳಲ್ಲಿ ಇದೇ ಅಂಕಿ ಸಿಕ್ಕಿತು. ಕ್ರಿ.ಶ. ೧೫೦ರ ಸುಮಾರಿನ ಟಾಲೆಮಿಯ ಗ್ರಂಥದಲ್ಲಿಯೂ ಇದೇ ಅಂಕಿ ಇದೆ. ಅಂದರೆ ಬಾಬಿಲೋನಿನ ಜೋಯಿಸರು ತಲೆಮಾರುಗಟ್ಟಲೆ ಗ್ರಹಣಗಳನ್ನು ನೋಡಿ ಗುರುತು ಹಾಕಿಟ್ಟರು. ನೂರಾರು ವರ್ಷಗಳ ಅಂತರವನ್ನು ತಿಂಗಳ ಸಂಖ್ಯೆಯಿಂದ ಭಾಗಿಸಿದರೆ ಒಂದು ತಿಂಗಳಿನಲ್ಲಿ ಉಳಿಯುವ ತಪ್ಪು ಬಹಳ ಚಿಕ್ಕದಾಗುತ್ತದೆ. ಒಂದು ಕಾಳನ್ನು ತೂಗಿ ಹೇಳಲಾಗದವನು ಒಂದು ಚೀಲ ತೂಗಿ ಕಾಳೆಣಿಸಿ ಭಾಗಿಸಿದರೆ ಹೇಳಬಲ್ಲನಲ್ಲವೆ? ಅಷ್ಟೇ ಉಪಾಯ. ಆಕಾಶವನ್ನು ಕಾದು ಕುಳಿತವರ ಆ ತಾಳ್ಮೆಯನ್ನು ನಾವು ಚಿಕ್ಕದೆಂದು ಎಣಿಸುವುದಿಲ್ಲ.

ಇದೇ ಗಮ್ಲಿಯೇಲರ ಇನ್ನೊಂದು ಕಥೆ ಬಹಳ ಸೊಗಸಾಗಿದೆ. ಅವರೂ ರಬ್ಬಿ ಯೆಹೋಶುವ ಎಂಬವರೂ ಹಡಗಿನಲ್ಲಿ ಹೊರಟರು. ಗಮ್ಲಿಯೇಲರು ಬುತ್ತಿಗೆ ರೊಟ್ಟಿ ತಂದರು, ಯೆಹೋಶುವರು ರೊಟ್ಟಿಯ ಜೊತೆಗೆ ಹಿಟ್ಟನ್ನೂ ತಂದರು. ಪ್ರಯಾಣ ಬೆಳೆಯಿತು, ರೊಟ್ಟಿ ಮುಗಿಯಿತು, ಹಿಟ್ಟೇ ಕಾಪಾಡಿತು. ತಡವಾಗುವುದು ನಿಮಗೆ ಹೇಗೆ ತಿಳಿಯಿತೆಂದು ಕೇಳಿದರೆ, ಎಪ್ಪತ್ತು ವರ್ಷಕ್ಕೊಮ್ಮೆ ಮೂಡಿ ನಾವಿಕರ ದಾರಿ ತಪ್ಪಿಸುವ ನಕ್ಷತ್ರ ಒಂದಿದೆ, ಈಗ ಮೂಡೀತೆಂದು ಎಣಿಸಿದೆ ಎಂದರು. ಇದು ಹ್ಯಾಲಿ ಧೂಮಕೇತುವೇ ಸರಿ ಎಂದು ಹೇಳುವವರಿದ್ದಾರೆ. ಎಡ್ಮಂಡ್ ಹ್ಯಾಲಿ ೧೭೦೫ರಲ್ಲಿ ಲೆಕ್ಕ ಹಾಕಿ ಹೇಳಿದ, ೧೭೫೮ರಲ್ಲಿ ಅದು ಮರಳಿ ಬಂತು. ೧೯೧೦ರಲ್ಲಿಯೂ ೧೯೮೬ರಲ್ಲಿಯೂ ಬಂದುಹೋದ ಬಾಲಚುಕ್ಕಿ ಅದೇ. ಆದರೆ ಲೆಕ್ಕವನ್ನು ಹಿಂದಕ್ಕೆ ಎಳೆದರೆ ಅದು ಕಂಡದ್ದು ಕ್ರಿ.ಶ. ೬೬ರಲ್ಲಿ, ಆಮೇಲೆ ೧೪೧ರಲ್ಲಿ. ಈ ಇಬ್ಬರು ಹಿರಿಯರು ಸಭೆ ನಡೆಸಿದ ಕಾಲ ಆ ಎರಡರ ನಡುವೆ ಬೀಳುತ್ತದೆ. ಬಾಲವುಳ್ಳ ಚುಕ್ಕಿಯನ್ನು ನೋಡಿ ಬೇರೆ ನಕ್ಷತ್ರವೆಂದು ಯಾವ ನಾವಿಕ ದಾರಿ ತಪ್ಪಿಯಾನು? ಕಥೆ ಅಲ್ಲಿಗೆ ನಿಲ್ಲುವುದಿಲ್ಲ. ಇಷ್ಟು ತಿಳಿದ ನೀವು ಹೊಟ್ಟೆಪಾಡಿಗೆ ಹಡಗು ಹತ್ತಬೇಕೆ ಎಂದು ಗಮ್ಲಿಯೇಲರು ಕೇಳಿದಾಗ ಯೆಹೋಶುವರು, ಸಮುದ್ರದ ಹನಿಗಳನ್ನು ಎಣಿಸಬಲ್ಲ ಇಬ್ಬರು ಶಿಷ್ಯರು ನಿಮ್ಮ ನೆಲದಲ್ಲಿಯೇ ಇದ್ದಾರೆ, ಅವರಿಗೆ ತಿನ್ನಲು ರೊಟ್ಟಿಯಿಲ್ಲ, ಉಡಲು ಬಟ್ಟೆಯಿಲ್ಲ ಎಂಬರ್ಥದ ಮಾತು ಹೇಳಿದರು. ಧೂಮಕೇತು ಹುಡುಕುವ ಅವಸರದಲ್ಲಿ ಆ ಮಾತನ್ನು ಎಲ್ಲರೂ ದಾಟಿಹೋಗುತ್ತಾರೆ.

ಹದಿಮೂರನೆಯ ಶತಮಾನದಲ್ಲಿ ಸ್ಪೇನಿನಲ್ಲಿ ಬೆಳಕಿಗೆ ಬಂದ ಜೋಹರ್ ಎಂಬ ಅನುಭಾವಗ್ರಂಥದಲ್ಲಿ ಭೂಮಿ ಚೆಂಡಿನಂತೆ ಉರುಳುತ್ತದೆ, ಒಂದು ಕಡೆ ಹಗಲಾದಾಗ ಇನ್ನೊಂದು ಕಡೆ ರಾತ್ರಿ ಎಂಬ ಮಾತಿದೆ. ಕೊಪರ್ನಿಕಸನ ೧೫೪೩ರ ಗ್ರಂಥಕ್ಕಿಂತ ಮೊದಲಿನದು ನಿಜ. ಆದರೆ ಭೂಮಿ ಗುಂಡಗಿದೆಯೆಂದು ಗ್ರೀಕರು ಹೇಳಿ ಆಗಲೇ ಸಾವಿರದ ಐನೂರು ವರ್ಷ ದಾಟಿತ್ತು. ಅದು ತಿರುಗುತ್ತದೆಂದು ನಮ್ಮ ಆರ್ಯಭಟ ೪೯೯ರಲ್ಲಿ ಬರೆದಿದ್ದ, ಅವನೂ ಗಣಿತದಿಂದ ಹೇಳಿದನೇ ಹೊರತು ಅಶರೀರವಾಣಿ ಕೇಳಿ ಹೇಳಲಿಲ್ಲ.

ಇನ್ನೊಂದು ಉದಾಹರಣೆ ನಮ್ಮ ಕಾಲಕ್ಕೆ ಸೇರಿದ್ದು. ೧೯೮೩ರಲ್ಲಿ ತೀರಿಕೊಂಡ ರಬ್ಬಿ ಆರ್ಯೇ ಕಪ್ಲಾನ್ ಭೌತಶಾಸ್ತ್ರವನ್ನೂ ಓದಿದ್ದವರು. ಮಧ್ಯಯುಗದ ಐಸಾಕ್ ಎಂಬ ಅನುಭಾವಿಯ ಬರಹವನ್ನು ಹಿಡಿದು, ದೇವರ ಒಂದು ದಿನ ನಮಗೆ ಸಾವಿರ ವರ್ಷವಾದರೆ ದೇವರ ೪೨,೦೦೦ ವರ್ಷ ನಮಗೆ ಸುಮಾರು ೧,೫೩೪ ಕೋಟಿ ವರ್ಷ, ವಿಶ್ವದ ವಯಸ್ಸು ಇದೇ ಎಂದು ತೋರಿಸಿದರು. ಆಗ ವಿಜ್ಞಾನಿಗಳ ಅಂದಾಜು ಸಾವಿರದಿಂದ ಎರಡು ಸಾವಿರ ಕೋಟಿಯ ನಡುವೆ ತೂಗುತ್ತಿತ್ತು, ಆದ್ದರಿಂದ ಲೆಕ್ಕ ಕೂಡಿಬಂದಂತೆ ಕಂಡಿತು. ಈಗ ಅಳತೆ ಬಿಗಿಯಾಗಿದೆ, ಸುಮಾರು ೧,೩೮೦ ಕೋಟಿ ಎನ್ನುತ್ತಾರೆ. ೧೯೩೦ರ ಸುಮಾರಿಗಾದರೋ ಇನ್ನೂರು ಕೋಟಿಯ ಮಾತಿತ್ತು. ಆಗ ಯಾರಾದರೂ ಲೆಕ್ಕ ಕೂಡಿಸಹೊರಟಿದ್ದರೆ ಅದೇ ಗ್ರಂಥದಿಂದ ಇನ್ನೂರು ಕೋಟಿಯನ್ನೂ ತೆಗೆಯುತ್ತಿದ್ದರು. ವಿಜ್ಞಾನಿಗೆ ತನ್ನ ಅಂಕಿ ತಿದ್ದಿಕೊಳ್ಳಲು ಸಂಕೋಚವಿಲ್ಲ, ತಿದ್ದುವುದೇ ಅವನ ಕಸುಬು. ಆ ಅಂಕಿಗೆ ತನ್ನ ದೇವರನ್ನು ಕಟ್ಟಿಹಾಕಿದ ಭಕ್ತನ ಗತಿ ಏನು? ಓದಿದ ಮಗನೊಬ್ಬ ಒಂದು ದಿನ ಹೊಸ ಅಂಕಿ ತಂದು ತೋರಿಸಿದಾಗ ಅವನು ತಳ್ಳಬೇಕಾದುದು ಅಂಕಿಯನ್ನೋ ದೇವರನ್ನೋ? ವಚನಗಳಲ್ಲಿ ಪರಮಾಣು ಹುಡುಕುವ ನಮ್ಮ ತರುಣರನ್ನು ನೋಡಿದಾಗಲೂ ನಮಗೆ ಈ ಕಳವಳವೇ ಆಗುತ್ತದೆ.

ಈ ಮಾತನ್ನು ಯಹೂದ್ಯರ ಹಿರಿಯರೇ ಬಲ್ಲವರಾಗಿದ್ದರು. ರಾತ್ರಿ ಸೂರ್ಯ ಎಲ್ಲಿ ಹೋಗುತ್ತಾನೆ ಎಂಬ ವಾದ ತಾಲ್ಮೂದಿನಲ್ಲಿ ಬರುತ್ತದೆ. ಆಕಾಶದ ಮೇಲ್ಭಾಗದಲ್ಲಿ ಹಾದುಹೋಗುತ್ತಾನೆ ಎಂಬುದು ಇಸ್ರೇಲಿನ ಪಂಡಿತರ ಮತ, ಭೂಮಿಯ ಕೆಳಗೆ ಹಾದುಹೋಗುತ್ತಾನೆ ಎಂಬುದು ಅನ್ಯಜನಾಂಗಗಳ ಪಂಡಿತರ ಮತ. ಆಗ ರಬ್ಬಿ ಯೆಹೂದಾ ಹನ್ನಾಸಿ, ಅವರೆಲ್ಲರಲ್ಲಿ ಅಗ್ರಗಣ್ಯರು, ನಮ್ಮವರ ಮಾತಿಗಿಂತ ಅವರ ಮಾತೇ ಸರಿಯಾಗಿ ಕಾಣುತ್ತದೆ, ಊಟೆಯ ನೀರು ಹಗಲು ತಣ್ಣಗಿದ್ದು ರಾತ್ರಿ ಬಿಸಿಯಾಗುತ್ತದಲ್ಲ, ಎಂದರು. ಚಳಿಗಾಲದ ಬೆಳಗಿನ ಜಾವ ಬಾವಿಗೆ ಇಳಿದವರಿಗೆಲ್ಲ ಈ ಅನುಭವ ಉಂಟು. ನೀರು ಬಿಸಿಯಾಗಿರುವುದಿಲ್ಲ, ಇದ್ದಂತೆಯೇ ಇರುತ್ತದೆ, ಹೊರಗಿನ ಗಾಳಿ ತಣ್ಣಗಾದುದರಿಂದ ಬೆಚ್ಚಗೆ ತೋರುತ್ತದೆ. ಅವರು ಕೊಟ್ಟ ಕಾರಣ ಸರಿಯಲ್ಲ. ಆದರೂ ಧರ್ಮಪೀಠದಲ್ಲಿ ಕುಳಿತವರು, ಅನ್ಯರು ಗೆದ್ದರು ನಾವು ಸೋತೆವು ಎಂದು ತಮ್ಮ ಗ್ರಂಥದಲ್ಲಿಯೇ ಬರೆಸುವುದು ಸಣ್ಣ ಸಂಗತಿಯಲ್ಲ. ಇದನ್ನು ಸಹಿಸಲಾರದವರೂ ಮುಂದೆ ಬಂದರು. ಹನ್ನೆರಡನೆಯ ಶತಮಾನದ ರಬ್ಬೇನು ತಾಮ್, ವಾದದಲ್ಲಿ ಅವರು ಗೆದ್ದಿರಬಹುದು, ಸತ್ಯ ಮಾತ್ರ ನಮ್ಮವರದೇ ಎಂದರು!

ಅದೇ ಶತಮಾನದಲ್ಲಿ ಹುಟ್ಟಿ ಕೈರೋದಲ್ಲಿ ವೈದ್ಯರಾಗಿದ್ದ ಮೈಮೊನಿದೀಸ್ (೧೧೩೮-೧೨೦೪) ಬೇರೆ ದಾರಿ ಹಿಡಿದರು. ಯಹೂದಿ ಧರ್ಮಶಾಸ್ತ್ರಕ್ಕೆ ಅವರ ಮಾತು ಇಂದಿಗೂ ಆಧಾರ. ನಕ್ಷತ್ರಗಳ ವಿಷಯದಲ್ಲಿ ಪೂರ್ವಿಕರು ಹೇಳಿದುದನ್ನೆಲ್ಲ ಹೊಂದಿಸಿಕೊಡಿ ಎಂದು ಕೇಳಬೇಡಿ, ಆಗ ಗಣಿತ ಪೂರ್ಣವಾಗಿರಲಿಲ್ಲ, ಅವರು ಪ್ರವಾದಿಗಳಿಂದ ಬಂದುದನ್ನು ಹೇಳಲಿಲ್ಲ, ತಮ್ಮ ಕಾಲದ ಪಂಡಿತರಾಗಿ ಹೇಳಿದರು ಎಂಬುದು ಅವರ ನಿಲುವು. ನಹ್ಮನಿದೀಸರು (೧೧೯೪-೧೨೭೦) ಇನ್ನೂ ಸರಳವಾಗಿ ಕೆಲಸ ಮಾಡಿದರು. ಜಲಪ್ರಳಯದ ನಂತರ ದೇವರು ಮಳೆಬಿಲ್ಲನ್ನು ಗುರುತಾಗಿ ಇಟ್ಟನೆಂದು ತೋರಾ ಹೇಳುತ್ತದೆ. ಅದಕ್ಕೆ ಮೊದಲು ಮಳೆಬಿಲ್ಲು ಇರಲಿಲ್ಲವೆ? ಬಿಸಿಲಿಗೆ ಇಟ್ಟ ನೀರಿನ ಪಾತ್ರೆಯಲ್ಲಿ ಅದೇ ಬಣ್ಣಗಳು ಕಾಣುತ್ತವಾದ್ದರಿಂದ ಗ್ರೀಕರ ಮಾತನ್ನು ನಾವು ನಂಬಲೇಬೇಕು, ಬಿಲ್ಲು ಮೊದಲಿನಿಂದಲೂ ಇತ್ತು, ಅಂದಿನಿಂದ ಗುರುತಾಯಿತು ಎಂದು ಅವರು ಅರ್ಥ ಹೇಳಿದರು. ಒಂದು ಪಾತ್ರೆ ನೀರು ಸಾಕಾಯಿತು.

ಹೇನಿನ ವಿಷಯದಲ್ಲಿ ಮಾತ್ರ ಇಷ್ಟು ಸುಲಭವಾಗಲಿಲ್ಲ. ಸಬ್ಬತ್ತಿನ ದಿನ, ಎಂದರೆ ಶನಿವಾರದ ವಿಶ್ರಾಂತಿಯ ದಿನ, ಯಹೂದ್ಯರು ಜೀವಿಗಳನ್ನು ಕೊಲ್ಲಬಾರದು. ಹೇನನ್ನು ಕೊಲ್ಲಬಹುದು, ಏಕೆಂದರೆ ಅದು ಸಂತಾನದಿಂದ ಹುಟ್ಟುವುದಿಲ್ಲ ಎಂದು ತಾಲ್ಮೂದ್ ವಿನಾಯಿತಿ ಕೊಟ್ಟಿದೆ. ಹಾಗಾದರೆ ಹೇನಿನ ಮೊಟ್ಟೆ ಎನ್ನುತ್ತಾರಲ್ಲ ಎಂದು ಆಕ್ಷೇಪ ಬಂದಾಗ, ಅದು ಆ ಹೆಸರಿನ ಬೇರೆಯೇ ಜೀವಿ ಎಂಬ ಸಮಾಧಾನ ಸಿಕ್ಕಿತು. ಮಕ್ಕಳ ತಲೆ ಬಾಚುವ ಯಾವ ತಾಯಿಯನ್ನು ಕೇಳಿದ್ದರೂ ಸೀರು ತೋರಿಸುತ್ತಿದ್ದಳು! ೧೬೬೮ರಲ್ಲಿ ಇಟಲಿಯ ಫ್ರಾಂಚೆಸ್ಕೊ ರೆಡಿ ಮಾಂಸದ ಪಾತ್ರೆಗಳ ಬಾಯಿಗೆ ಬಟ್ಟೆ ಕಟ್ಟಿ, ನೊಣ ಕೂರದ ಮಾಂಸದಲ್ಲಿ ಹುಳು ಹುಟ್ಟುವುದಿಲ್ಲವೆಂದು ತೋರಿಸಿದ. ಫೆರಾರಾ ಪಟ್ಟಣದ ಐಸಾಕ್ ಲಾಂಪ್ರೊಂತಿ (೧೬೭೯-೧೭೫೬) ರಬ್ಬಿಯೂ ಹೌದು, ವೈದ್ಯನೂ ಹೌದು. ಎಲ್ಲ ಜೀವಿಯೂ ಮೊಟ್ಟೆಯಿಂದಲೇ ಹುಟ್ಟುತ್ತದೆಂದು ಈಗ ತಿಳಿದಿದೆ, ನಮ್ಮ ಪೂರ್ವಿಕರು ಇದನ್ನು ಕೇಳಿದ್ದರೆ ಸೂರ್ಯನ ವಿಷಯದಲ್ಲಿ ಒಪ್ಪಿದಂತೆ ಒಪ್ಪುತ್ತಿದ್ದರು, ಆದ್ದರಿಂದ ಎಚ್ಚರವುಳ್ಳವನು ಹೇನನ್ನೂ ಕೊಲ್ಲದಿರಲಿ ಎಂದ. ಮಾಂತುವಾದಲ್ಲಿದ್ದ ಅವನ ಗುರು ಯೆಹೂದಾ ಬ್ರಿಯೆಲ್ ಒಪ್ಪಲಿಲ್ಲ, ಅನ್ಯರ ಶೋಧನೆಯಿಂದ ಪೂರ್ವಿಕರ ವಿಧಿ ಕದಲಬಾರದು ಎಂದರು. ಶಿಷ್ಯ ತನ್ನ ಗ್ರಂಥದಲ್ಲಿ ಗುರುವಿನ ಖಂಡನೆಯನ್ನೂ ಸೇರಿಸಿದ.

ಕೊನೆಗೆ ಒಂದು ಪ್ರಸಂಗ ಹೇಳುತ್ತೇವೆ. ಹಿಂದಿನವರಿಗೆ ಮೊದಲೇ ಗೊತ್ತಿತ್ತು ಎಂದು ನಾವು ಮನಸಾರೆ ಒಪ್ಪುವ ಪ್ರಸಂಗ ಇದು. ಗಂಡುಮಗುವಿಗೆ ಎಂಟನೆಯ ದಿನ ಸುನ್ನತಿ ಮಾಡಿಸುವುದು ಯಹೂದ್ಯರಿಗೆ ಅಬ್ರಹಾಮನಿಂದ ಬಂದ ದೇವರ ಒಡಂಬಡಿಕೆ, ಅದಕ್ಕಿಂತ ದೊಡ್ಡ ಸಂಸ್ಕಾರ ಅವರಲ್ಲಿ ವಿರಳ. ಗಲಿಲಾಯ ಸೀಮೆಯ ಸಿಪ್ಪೋರಿ ಎಂಬ ಊರಿನಲ್ಲಿ ನಾಲ್ವರು ಅಕ್ಕತಂಗಿಯರಿದ್ದರು. ಮೊದಲನೆಯವಳು ಮಗನಿಗೆ ಸುನ್ನತಿ ಮಾಡಿಸಿದಳು, ಮಗು ಸತ್ತಿತು. ಎರಡನೆಯವಳ ಮಗುವೂ ಸತ್ತಿತು, ಮೂರನೆಯವಳದೂ ಸತ್ತಿತು. ನಾಲ್ಕನೆಯವಳು ರಬ್ಬಾನ್ ಶಿಮೋನ್ ಬೆನ್ ಗಮ್ಲಿಯೇಲರ ಮುಂದೆ ಬಂದು ನಿಂತಳು. ಮಾಡಿಸಬೇಡ ಎಂದರು ಅವರು. ಕೆಲವು ಮನೆತನಗಳ ರಕ್ತ ಸಡಿಲ, ಕೆಲವು ಮನೆತನಗಳದು ಬಿಗಿ ಎಂಬ ವಿಚಾರವೂ ಆ ಪುಟದಲ್ಲಿಯೇ ಇದೆ. ಮುಂದೆ ಮೈಮೊನಿದೀಸರು ಇದನ್ನು ಶಾಸ್ತ್ರವಾಗಿ ಬರೆದಾಗ, ಹಾಗೆ ಮಕ್ಕಳನ್ನು ಕಳೆದುಕೊಂಡ ತಾಯಿ ಬೇರೊಬ್ಬ ಗಂಡನಿಂದ ಪಡೆದ ಮಗುವಿಗೂ ಈ ನಿಯಮ ಸಲ್ಲುತ್ತದೆ, ಸುನ್ನತಿ ಮುಂದೆಂದಾದರೂ ಮಾಡಿಸಬಹುದು, ಹೋದ ಪ್ರಾಣ ಬಾರದು ಎಂಬ ಕಾರಣ ಕೊಟ್ಟರು.

ಹೀಮೋಫಿಲಿಯಾ ಎಂಬ ಈ ರೋಗದಲ್ಲಿ ರಕ್ತ ಸರಿಯಾಗಿ ಹೆಪ್ಪುಗಟ್ಟುವುದಿಲ್ಲ, ಗಾಯದಿಂದ ಬಹಳ ಹೊತ್ತು ಸುರಿಯುತ್ತದೆ. ಅಮೆರಿಕದ ವೈದ್ಯ ಜಾನ್ ಓಟೋ ಇದನ್ನು ವಿವರಿಸಿ ಬರೆದದ್ದು ೧೮೦೩ರಲ್ಲಿ. ತಾಯಿ ಆರೋಗ್ಯವಾಗಿರುತ್ತಾಳೆ, ಅವಳ ಒಂದು ವರ್ಣತಂತುವಿನಲ್ಲಿ ಅಡಗಿದ ದೋಷ ಗಂಡುಮಕ್ಕಳಲ್ಲಿ ಪ್ರಕಟವಾಗುತ್ತದೆ. ಅಕ್ಕತಂಗಿಯರಲ್ಲಿ ಒಬ್ಬಳಿಗಿದ್ದರೆ ಇನ್ನೊಬ್ಬಳಿಗೂ ಇರಬಹುದು. ವರ್ಣತಂತು ಎಂಬುದನ್ನು ಆ ರಬ್ಬಿಗಳು ಕೇಳಿದವರಲ್ಲ. ಮೂವರು ತಾಯಂದಿರ ಅಳುವನ್ನು ಕೇಳಿದ್ದರು. ಯಾರ ಮಗು, ಯಾರ ತಂಗಿ ಎಂದು ವಿಚಾರಿಸಿದ್ದರು. ದೇವರ ಆಜ್ಞೆಯನ್ನು ಬದಿಗಿಡುವ ಧೈರ್ಯ ಅವರಿಗೆ ಬಂದದ್ದು ಅಲ್ಲಿಂದ. ಆ ನಾಲ್ಕನೆಯ ತಾಯಿಯ ಹೆಸರನ್ನಾಗಲಿ ಅವಳ ಮಗನ ಹೆಸರನ್ನಾಗಲಿ ಗ್ರಂಥ ಹೇಳುವುದಿಲ್ಲ.