ಪ್ರಾಥಮಿಕ ಶಾಲೆಯಲ್ಲಿ ನೃತ್ಯಶಿಕ್ಷಕರ ಸ್ಥಾನ: ಮುಂಬಯಿಯ ನಿದರ್ಶನ

ಬೃಹನ್ಮುಂಬಯಿ ಮಹಾನಗರಪಾಲಿಕೆಯು ಕನ್ನಡವೂ ಸೇರಿದಂತೆ ಎಂಟು ಮಾಧ್ಯಮಗಳಲ್ಲಿ ಪ್ರಾಥಮಿಕ ಶಾಲೆಗಳನ್ನು ನಡೆಸುತ್ತ ಬಂದಿದೆ. ಇಲ್ಲಿ ನೃತ್ಯಬೋಧನೆಗೆ ಪ್ರತ್ಯೇಕ ಶಿಕ್ಷಕರಿಗೆ ಅವಕಾಶವೆಷ್ಟೆಂಬುದು ನಮ್ಮ ಪ್ರಶ್ನೆ.

2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಸಂಗೀತ, ನೃತ್ಯ, ಚಿತ್ರ, ನಾಟಕಗಳನ್ನೊಳಗೊಂಡ ಕಲಾಶಿಕ್ಷಣವು ಹತ್ತನೆಯ ತರಗತಿಯವರೆಗೂ ಕಡ್ಡಾಯವಾಗಬೇಕೆಂದು ಸೂಚಿಸಿತು. ಆದರೆ 2009ರ ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿಯು ಕಲಾಶಿಕ್ಷಣಕ್ಕೆ ಅರೆಕಾಲಿಕ ಬೋಧಕರನ್ನು ವಿಧಿಸುವುದು ಆರರಿಂದ ಎಂಟನೆಯ ತರಗತಿಗಳಿಗೆ, ಅದೂ ಮಕ್ಕಳ ಸಂಖ್ಯೆ 100ನ್ನು ಮೀರಿದಾಗ ಮಾತ್ರ. ಒಂದರಿಂದ ಐದನೆಯ ತರಗತಿಗಳೂ ಮಕ್ಕಳ ಸಂಖ್ಯೆ ಕಡಿಮೆಯಿರುವ ಶಾಲೆಗಳೂ ಈ ವಿಧಿಯ ಹೊರಗುಳಿಯುತ್ತವೆ. ಅಲ್ಲಿ ನೃತ್ಯವು ತರಗತಿಯ ಶಿಕ್ಷಕರೇ ಮಾಡಿಸುವ ವಾರ್ಷಿಕೋತ್ಸವದ ತಾಲೀಮಾಗಿ ಉಳಿದುಬಿಡುವ ಸಂಭವವೇ ಹೆಚ್ಚು.

ಬೀದಿಯಲ್ಲಿ ಮರಾಠಿ, ಹಿಂದಿಗಳನ್ನು ಕೇಳುತ್ತ ಬೆಳೆಯುವ ಮಗುವಿಗೆ ಕೋಲಾಟದ ಹೆಜ್ಜೆ ಕನ್ನಡದ ಎಣಿಕೆಯನ್ನೂ ನುಡಿಯ ಲಯವನ್ನೂ ಕೂಡಿ ಕಲಿಸಬಲ್ಲದು. ಆದ್ದರಿಂದ ಹಲವು ಶಾಲೆಗಳಿಗೆ ಒಬ್ಬ ಸಂಚಾರಿ ನೃತ್ಯಶಿಕ್ಷಕರನ್ನು ನೇಮಿಸುವುದು ಉಚಿತವೆಂದು ನಮ್ಮ ಅಭಿಪ್ರಾಯ.