ಉಜ್ಜಿದಷ್ಟೂ ಹೊಳಪೇ? ಕಾರಿನ ಬಣ್ಣದ ಬಗ್ಗೆ ಆರು ತಪ್ಪು ಕಲ್ಪನೆಗಳು

ಬೆಂಗಳೂರಿನ ಅಪಾರ್ಟ್‌ಮೆಂಟುಗಳ ಬೇಸ್‌ಮೆಂಟಿನಲ್ಲಿ ಬೆಳಗಾಗುವ ಮೊದಲೇ ಶುರುವಾಗುವ ಕೆಲಸವೊಂದಿದೆ. ಒಂದು ಬಕೆಟ್ ನೀರು, ಒಂದು ಬಟ್ಟೆ, ಸಾಲಾಗಿ ನಿಂತ ಹತ್ತಾರು ಕಾರು. ಮೊದಲ ಕಾರಿನಿಂದ ತೆಗೆದ ಧೂಳು ಅದೇ ಬಟ್ಟೆಯಲ್ಲಿ ಕೊನೆಯ ಕಾರಿನವರೆಗೂ ಸಾಗುತ್ತದೆ. ಕಾರನ್ನು ದಿನಾ ಒರೆಸಿಸುತ್ತಿದ್ದೇವೆ ಎಂಬ ಸಮಾಧಾನ ಮಾಲೀಕರದು. ಎರಡು ವರ್ಷ ಕಳೆದ ಮೇಲೆ ಅದೇ ಕಾರನ್ನು ಬಿಸಿಲಿಗೆ ನಿಲ್ಲಿಸಿ ಬಾನೆಟ್ ನೋಡಿದರೆ, ಸೂರ್ಯನ ಬಿಂಬದ ಸುತ್ತ ಜೇಡರ ಬಲೆಯಂತೆ ಸಣ್ಣ ಗೀರುಗಳು ಕಾಣುತ್ತವೆ.

ಈ ಗೀರುಗಳು ಎಲ್ಲಿ ಬೀಳುತ್ತವೆ ಎಂದು ತಿಳಿದರೆ ಮುಂದಿನದೆಲ್ಲ ಸುಲಭ. ಕಾರಿನ ಉಕ್ಕಿನ ಮೇಲೆ ತುಕ್ಕು ತಡೆಯುವ ಲೇಪ, ಅದರ ಮೇಲೆ ಪ್ರೈಮರ್, ಆಮೇಲೆ ಬಣ್ಣ, ಎಲ್ಲಕ್ಕಿಂತ ಮೇಲೆ ಪಾರದರ್ಶಕವಾದ ಕ್ಲಿಯರ್ ಕೋಟ್ ಇರುತ್ತದೆ. ಎಲ್ಲ ಸೇರಿದರೂ ದಪ್ಪ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್. ಅದರಲ್ಲಿ ಕ್ಲಿಯರ್ ಕೋಟ್‌ನ ಪಾಲು 35ರಿಂದ 50 ಮೈಕ್ರಾನ್ ಅಷ್ಟೇ. ತಲೆಗೂದಲೇ ಸುಮಾರು 70 ಮೈಕ್ರಾನ್ ದಪ್ಪ ಇರುತ್ತದೆ! ಹೊಳಪು ಕೊಡುವುದೂ ಬಿಸಿಲಿನ ಅತಿನೇರಳೆ ಕಿರಣದಿಂದ ಬಣ್ಣವನ್ನು ಕಾಯುವುದೂ ಇದೇ ತೆಳು ಪದರ. ಹೆಚ್ಚಿನ ತಪ್ಪು ಕಲ್ಪನೆಗಳು ಇದನ್ನೇ ಸವೆಸುತ್ತವೆ.

ಕಲ್ಪನೆ 1: ದಿನಾ ಬಟ್ಟೆಯಲ್ಲಿ ಒರೆಸಿದರೆ ಬಣ್ಣ ಚೆನ್ನಾಗಿರುತ್ತದೆ.

ಸತ್ಯ: ರಸ್ತೆಯ ಧೂಳಿನಲ್ಲಿ ಬೆಣಚುಕಲ್ಲಿನ ಪುಡಿ ಇರುತ್ತದೆ. ಖನಿಜಗಳ ಗಡಸುತನ ಅಳೆಯುವ ಮೋಸ್ ಮಾಪಕದಲ್ಲಿ ಅದರ ಸ್ಥಾನ 7. ಅದು ಗಾಜನ್ನೂ ಗೀರಬಲ್ಲದು. ಸಂಡೂರು, ಹೊಸಪೇಟೆ ಕಡೆ ಓಡಾಡುವ ಕಾರಿನ ಮೇಲೆ ಕೂರುವ ಕೆಂಪು ಅದಿರಿನ ಧೂಳೂ ಕ್ಲಿಯರ್ ಕೋಟ್‌ಗಿಂತ ಗಟ್ಟಿ. ಒಣ ಬಟ್ಟೆ ಆ ಹರಳುಗಳನ್ನು ಬಣ್ಣದ ಮೇಲೆ ಎಳೆದಾಡುತ್ತದೆ. ಹಾಗಾಗಿ ಕೈ ತಾಗಿಸುವ ಮೊದಲು ನೀರು ಹಾಯಿಸಿ ಧೂಳನ್ನು ಇಳಿಸಬೇಕು. ಆಮೇಲೆ ಎರಡು ಬಕೆಟ್ ಬೇಕು: ಒಂದರಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬಟ್ಟೆ ಜಾಲಿಸುವ ಬರೀ ನೀರು. ಟಾಪ್‌ನಿಂದ ಶುರುಮಾಡಿ ಕೆಳಗಿಳಿದು, ಮರಳು ಹೆಚ್ಚು ಅಂಟಿರುವ ಬಾಗಿಲಿನ ಕೆಳಭಾಗ ಮತ್ತು ಬಂಪರನ್ನು ಕೊನೆಗೆ ಮುಟ್ಟಬೇಕು. ಚಕ್ರಕ್ಕೆ ಬೇರೆಯದೇ ಬಟ್ಟೆ ಇರಲಿ.

ಕಲ್ಪನೆ 2: ಪೈಪ್ ಬಿಟ್ಟು ಧಾರಾಳವಾಗಿ ತೊಳೆದರೇ ಕಾರು ಶುದ್ಧ.

ಸತ್ಯ: ಎರಡು ಮೂರು ಬಕೆಟ್ ನೀರಿನಲ್ಲಿ ಸಾಧಾರಣ ಧೂಳಿನ ಕಾರನ್ನು ಚೆನ್ನಾಗಿಯೇ ತೊಳೆಯಬಹುದು. ಮೊದಲು ಧೂಳಿಳಿಸಲು ಗಿಡಕ್ಕೆ ನೀರುಣಿಸುವ ಜಾಲರಿ ಬಾಯಿಯ ಕ್ಯಾನ್ ಸಾಕು. ನೀರಿನ ಅಭಾವ ಬಿಗಡಾಯಿಸಿದ್ದ 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರಿನಿಂದ ವಾಹನ ತೊಳೆಯುವುದನ್ನೇ ನಿಷೇಧಿಸಿ, ತಪ್ಪಿದವರಿಗೆ 5,000 ರೂಪಾಯಿ ದಂಡ ಎಂದು ಆದೇಶ ಹೊರಡಿಸಿತ್ತು. ಹಾಗೆಂದು ಬೋರ್‌ವೆಲ್ ನೀರು ಹಾಕಿ ಬಿಸಿಲಲ್ಲಿ ಒಣಗಲು ಬಿಡುವಂತಿಲ್ಲ. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಹನಿ ಆರಿದ ಜಾಗದಲ್ಲೇ ಬಿಳಿ ಉಂಗುರವಾಗಿ ಕೂರುತ್ತವೆ. ಅವು ಹಳೆಯದಾದರೆ ತೊಳೆದರೂ ಹೋಗುವುದಿಲ್ಲ. ನೆರಳಲ್ಲಿ, ಬಾನೆಟ್ ತಣ್ಣಗಿರುವಾಗ ತೊಳೆದು, ಮೈಕ್ರೋಫೈಬರ್ ಟವೆಲಿನಿಂದ ಕೂಡಲೇ ನೀರು ಹೀರಿಸಬೇಕು.

ಕಲ್ಪನೆ 3: ಪಾತ್ರೆ ತೊಳೆಯುವ ಸೋಪು ಇದ್ದರೆ ಕಾರ್ ಶಾಂಪೂ ಯಾಕೆ?

ಸತ್ಯ: ಪಾತ್ರೆ ಸೋಪು ಇರುವುದೇ ಜಿಡ್ಡು ಕಿತ್ತು ತೆಗೆಯಲು. ಒಂದು ಸಲ ಬಳಸಿದರೆ ಬಣ್ಣ ಕೆಡುವುದಿಲ್ಲ, ಆದರೆ ಮೇಲೆ ಹಚ್ಚಿದ ವ್ಯಾಕ್ಸ್ ಜಿಡ್ಡಿನೊಂದಿಗೇ ಹೋಗುತ್ತದೆ. ಕಾರ್ ಶಾಂಪೂ ಕೊಳೆ ಬಿಡಿಸುವ ಜೊತೆಗೆ ಬಟ್ಟೆ ಜಾರುವಂತೆಯೂ ಮಾಡುತ್ತದೆ. ಗೀರು ಕಡಿಮೆಯಾಗುವುದು ಆ ಜಾರುವಿಕೆಯಿಂದ.

ಕಲ್ಪನೆ 4: ಮೇಲಿಂದ ಮೇಲೆ ಪಾಲಿಶ್ ಮಾಡಿಸಿದರೆ ಬಣ್ಣಕ್ಕೆ ರಕ್ಷಣೆ.

ಸತ್ಯ: ಅತಿ ಹೆಚ್ಚು ಹಾನಿ ಮಾಡುವ ನಂಬಿಕೆ ಇದೇ. ಪಾಲಿಶ್ ಮತ್ತು ವ್ಯಾಕ್ಸ್ ಒಂದೇ ಡಬ್ಬಿಯ ಎರಡು ಹೆಸರಲ್ಲ. ಪಾಲಿಶ್‌ನಲ್ಲಿ ಉಜ್ಜುವ ಸಣ್ಣ ಕಣಗಳಿರುತ್ತವೆ. ಅವು ಗೀರಿನ ಸುತ್ತಲಿನ ಕ್ಲಿಯರ್ ಕೋಟನ್ನು ಸವೆಸಿ ಮಟ್ಟ ಮಾಡುವುದರಿಂದ ಗೀರು ಮರೆಯಾಗುತ್ತದೆ. ಹೀಗೆ ಸವೆದದ್ದು ಮರಳಿ ಬೆಳೆಯುವುದಿಲ್ಲ. ಯಂತ್ರದಲ್ಲಿ ಪದೇಪದೇ ಪಾಲಿಶ್ ಮಾಡಿಸಿದ ಕಾರುಗಳಲ್ಲಿ, ಬಾನೆಟ್ಟಿನ ಅಂಚು, ಬಾಗಿಲಿನ ಏಣುಗಳಂಥ ಕಡೆ ಪದರ ಮೊದಲು ಸವೆದುಹೋಗುತ್ತದೆ. ವ್ಯಾಕ್ಸ್ ಹಾಗಲ್ಲ, ಅದು ಏನನ್ನೂ ಸವೆಸದೆ ಮೇಲೆ ಕೂರುತ್ತದೆ. ಬ್ರೆಜಿಲ್‌ನ ತಾಳೆ ಜಾತಿಯ ಮರವೊಂದರ ಎಲೆಯಿಂದ ಬರುವ ಕಾರ್ನೌಬಾ ವ್ಯಾಕ್ಸ್ ಕೆಲವು ವಾರಗಳಿಂದ ಎರಡು ಮೂರು ತಿಂಗಳು ಬಾಳುತ್ತದೆ. ಕೃತಕ ಸೀಲೆಂಟ್‌ಗಳ ಆಯಸ್ಸು ಇನ್ನೂ ಹೆಚ್ಚು. ವ್ಯಾಕ್ಸ್ ಆಗಾಗ ಹಚ್ಚಬಹುದು. ಪಾಲಿಶ್ ಗೀರು ಕಂಡಾಗ ಮಾತ್ರ ಸಾಕು.

ವ್ಯಾಕ್ಸ್ ಹಚ್ಚುವ ಮೊದಲು ಒಂದು ಪರೀಕ್ಷೆ ಮಾಡಬಹುದು. ತೊಳೆದು ಒಣಗಿಸಿದ ಬಾನೆಟ್ ಮೇಲೆ, ಕೈಗೆ ತೆಳು ಪ್ಲಾಸ್ಟಿಕ್ ಕವರ್ ಹಾಕಿಕೊಂಡು ಬೆರಳ ತುದಿಯಿಂದ ಮೆಲ್ಲಗೆ ಸವರಬೇಕು. ಬರಿಗೈಗೆ ನುಣುಪಾಗಿದ್ದ ಜಾಗ ಈಗ ತರಿತರಿ ಎನ್ನಿಸಿದರೆ, ಬ್ರೇಕ್ ಪ್ಯಾಡ್‌ನ ಪುಡಿ, ಟಾರು, ಮರದ ಅಂಟು ಅಲ್ಲಿ ಕಚ್ಚಿಕೊಂಡಿದೆ ಎಂದರ್ಥ. ಅದನ್ನು ತೆಗೆಯಲು ಕ್ಲೇ ಬಾರ್ ಎಂಬ ಮೆತ್ತನೆಯ ಮುದ್ದೆ ಸಿಗುತ್ತದೆ. ಅದರ ಜೊತೆ ಬರುವ ದ್ರವವನ್ನು ಧಾರಾಳವಾಗಿ ಸಿಂಪಡಿಸಿಯೇ ಉಜ್ಜಬೇಕು. ಮುದ್ದೆ ಒಮ್ಮೆ ನೆಲಕ್ಕೆ ಬಿತ್ತೋ, ಮತ್ತೆ ಕಾರಿಗೆ ತಾಗಿಸಬಾರದು.

ಕಲ್ಪನೆ 5: ಸೆರಾಮಿಕ್ ಕೋಟಿಂಗ್ ಮಾಡಿಸಿದರೆ ಗೀರೇ ಬೀಳುವುದಿಲ್ಲ.

ಸತ್ಯ: ಜಾಹೀರಾತಿನಲ್ಲಿ ಹೇಳುವ 9ಎಚ್ ಎಂಬುದು ಪೆನ್ಸಿಲ್ ಗಡಸುತನದ ಅಳತೆ. ಅದಕ್ಕೂ ವಜ್ರ 10 ಎನ್ನುವ ಮೋಸ್ ಮಾಪಕಕ್ಕೂ ಸಂಬಂಧವಿಲ್ಲ. ಈ ಲೇಪದಿಂದ ನೀರು ಜಾರುತ್ತದೆ, ಕೊಳೆ ಬೇಗ ಬಿಡುತ್ತದೆ, ಹಕ್ಕಿಯ ಹಿಕ್ಕೆಯ ಆಮ್ಲ ಬಣ್ಣಕ್ಕೆ ಇಳಿಯುವುದು ತಡವಾಗುತ್ತದೆ. ಕೀಲಿಯ ಗೀರನ್ನೂ ರಸ್ತೆಯಿಂದ ಸಿಡಿದ ಜಲ್ಲಿಯ ಏಟನ್ನೂ ಅದು ತಡೆಯಲಾರದು. ಕೋಟಿಂಗ್ ಇದ್ದರೂ ಹಿಕ್ಕೆಯನ್ನು ಅಂದೇ ತೆಗೆಯಬೇಕು: ಒದ್ದೆ ಬಟ್ಟೆ ಹೊದಿಸಿ ಹತ್ತು ನಿಮಿಷ ನೆನೆಯಲು ಬಿಟ್ಟು, ಉಜ್ಜದೆ ಎತ್ತಬೇಕು.

ಕಲ್ಪನೆ 6: ಯಾವ ಗೀರನ್ನಾದರೂ ಟೂತ್‌ಪೇಸ್ಟ್ ತೆಗೆಯುತ್ತದೆ.

ಸತ್ಯ: ಟೂತ್‌ಪೇಸ್ಟ್‌ನಲ್ಲೂ ಉಜ್ಜುವ ಕಣಗಳಿವೆ, ಆದರೆ ಅವು ಹಲ್ಲಿಗಾಗಿ ಮಾಡಿದವು. ತೀರಾ ಸಣ್ಣ ಗೀರು ಮಸುಕಾದರೂ ಸುತ್ತಲ ಜಾಗ ಮಂಕಾಗುವ ಅಪಾಯವಿದೆ. ಗೀರಿಗೆ ಅಡ್ಡಲಾಗಿ ಉಗುರು ಎಳೆದು ನೋಡುವುದು ಒಳ್ಳೆಯದು. ಉಗುರು ಸಿಕ್ಕಿಕೊಳ್ಳದೆ ಜಾರಿದರೆ ನುಣುಪು ಪಾಲಿಶ್‌ನಲ್ಲಿ ಹೋದೀತು. ಸಿಕ್ಕಿಕೊಂಡರೆ ಗೀರು ಆಳಕ್ಕಿಳಿದಿರುತ್ತದೆ, ಎಷ್ಟು ಉಜ್ಜಿದರೂ ವ್ಯರ್ಥ. ಒಳಗಿನ ಲೋಹ ಕಾಣುತ್ತಿದ್ದರೆ, ಮುಖ್ಯವಾಗಿ ಮಂಗಳೂರು, ಕಾರವಾರದಂಥ ಉಪ್ಪುಗಾಳಿಯ ಊರುಗಳಲ್ಲಿ, ಮಳೆಗಾಲಕ್ಕೆ ಕಾಯದೆ ಕಾರಿನ ಬಣ್ಣದ ಕೋಡ್ ಹೇಳಿ ಟಚ್‌ಅಪ್ ಪೇಂಟ್ ತರಿಸಿ ಹಚ್ಚಬೇಕು. ಆ ಕೋಡ್ ಸಾಮಾನ್ಯವಾಗಿ ಬಾಗಿಲ ಚೌಕಟ್ಟಿನ ಅಥವಾ ಬಾನೆಟ್ ಒಳಗಿನ ಪಟ್ಟಿಯ ಮೇಲೆ ಇರುತ್ತದೆ.