ಚಿಗರಿ ಅಡ್ಡ ಬಂದಾಗ

ಗದಗ-ಬೆಟಗೇರಿಯಿಂದ ದಕ್ಷಿಣಕ್ಕೆ ಹೊರಡುವ ದಾರಿಗಳು ಬಹುಮಟ್ಟಿಗೆ ಬಯಲಿನ ದಾರಿಗಳು. ಅಲ್ಲಿ ಘಟ್ಟದ ತಿರುವುಗಳಿಲ್ಲ. ದಟ್ಟ ಕಾಡಿನ ಕತ್ತಲೆಯಿಲ್ಲ. ಎರಡೂ ಬದಿಗೆ ಕಣ್ಣು ಹರಿಯುವಷ್ಟು ದೂರ ಎರೆಯ ಹೊಲ, ಅಲ್ಲೊಂದು ಇಲ್ಲೊಂದು ಜಾಲಿಯ ಗಿಡ, ದೂರದಲ್ಲಿ ಕಪ್ಪತಗುಡ್ಡದ ನೀಲಿ ಸಾಲು, ಅದರ ನೆತ್ತಿಯ ಮೇಲೆ ತಿರುಗುವ ಗಾಳಿಯಂತ್ರಗಳು. ಲಕ್ಷ್ಮೇಶ್ವರಕ್ಕೆ ಸುಮಾರು ೪೦ ಕಿಲೋಮೀಟರು. ಮುಂಡರಗಿಗೂ ಹೆಚ್ಚು ಕಡಿಮೆ ಅಷ್ಟೇ. ಇಂಥ ದಾರಿಯಲ್ಲಿ ಚಾಲಕನು ಅಂಜುವುದಕ್ಕೆ ಏನಿದೆ ಎಂದು ಹೊಸಬರು ಕೇಳಬಹುದು. ಹಳಬರ ಉತ್ತರ ಒಂದೇ ಮಾತಿನದು: ಚಿಗರಿ.

ಪುಸ್ತಕಗಳು ಕೃಷ್ಣಮೃಗವೆಂದು ಕರೆಯುವ ಪ್ರಾಣಿಗೆ ಈ ಸೀಮೆಯ ಜನರು ಇಟ್ಟ ಹೆಸರು ಅದು. ಎರಳೆ, ಹುಲ್ಲೆ ಎಂಬ ಹಳೆಯ ಹೆಸರುಗಳೂ ಉಂಟು. ಜನರು ಇದನ್ನು ಜಿಂಕೆಯೆಂದೇ ಎಣಿಸಿದರೂ ಪ್ರಾಣಿಶಾಸ್ತ್ರದ ಲೆಕ್ಕದಲ್ಲಿ ಇದು ಜಿಂಕೆಯ ಕುಲದ್ದಲ್ಲ. ಜಿಂಕೆಯ ಕವಲುಗೊಂಬು ಕಾಲಕಾಲಕ್ಕೆ ಉದುರಿ ಮತ್ತೆ ಮೂಡುತ್ತದೆ. ಚಿಗರಿಯ ಕೊಂಬು ಆಡು ದನಗಳ ಕೊಂಬಿನಂತೆ ಬಾಳಿನುದ್ದಕ್ಕೂ ನಿಲ್ಲುವಂಥದು. ಗಂಡಿಗೆ ತಿರುಪಿನಂತೆ ಸುತ್ತಿಕೊಂಡು ಏರಿದ ಎರಡು ಕೊಂಬುಗಳು, ಕಪ್ಪು ಬೆನ್ನು, ಬಿಳಿಯ ಹೊಟ್ಟೆ. ಹೆಣ್ಣಿನ ಮೈ ಕಂದು. ಸಾಮಾನ್ಯವಾಗಿ ಅದಕ್ಕೆ ಕೊಂಬಿಲ್ಲ. ಪ್ರಾಯಕ್ಕೆ ಬಂದ ಗಂಡು ೩೫-೪೦ ಕಿಲೋ ತೂಗುವುದು ಸಾಧಾರಣ. ಓಟದಲ್ಲಿ ಗಂಟೆಗೆ ೮೦ ಕಿಲೋಮೀಟರಿನ ವೇಗವನ್ನು ಮುಟ್ಟಬಲ್ಲ ಪ್ರಾಣಿಯಿದು. ಹುಬ್ಬಳ್ಳಿ-ಧಾರವಾಡಗಳ ನಡುವೆ ೨೦೧೮ರಲ್ಲಿ ಓಡತೊಡಗಿದ ತ್ವರಿತ ಬಸ್ಸುಗಳಿಗೆ ‘ಚಿಗರಿ’ ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ.

ಈ ವೇಗವೇ ಇಂದು ಅದಕ್ಕೂ ಮನುಷ್ಯನಿಗೂ ಕಂಟಕವಾಗಿದೆ. ತೋಳ, ಚಿರತೆಗಳಿಂದ ಪಾರಾಗಲೆಂದು ಪ್ರಕೃತಿ ಕೊಟ್ಟ ಓಟವು ಮೋಟಾರಿನೆದುರು ಕೆಲಸಕ್ಕೆ ಬಾರದು. ಹೊಲದಲ್ಲಿ ಮೇಯುತ್ತಿದ್ದ ಹಿಂಡು ಬೆದರಿತೆಂದರೆ ಕ್ಷಣಮಾತ್ರದಲ್ಲಿ ನೆಗೆನೆಗೆದು ಹಾರತೊಡಗುತ್ತದೆ. ಒಂದು ಹಾರಿದ ಕಡೆಗೆ ಎಲ್ಲವೂ ಹಾರುತ್ತವೆ. ನಡುವೆ ರಸ್ತೆಯಿದೆಯೆ, ರಸ್ತೆಯ ಮೇಲೆ ಲಾರಿಯಿದೆಯೆ ಎಂಬ ವಿಚಾರ ಅವುಗಳಿಗಿಲ್ಲ.

ಹಿಂಡಿನ ಕೊನೆಯದು

ಈ ದಾರಿಗಳಲ್ಲಿ ಬಹುಕಾಲ ಗಾಡಿ ಓಡಿಸಿದವರು ಮೊದಲು ಕಲಿಯುವ ಪಾಠವೊಂದುಂಟು. ಎದುರಿಗೆ ಒಂದು ಚಿಗರಿ ರಸ್ತೆ ದಾಟಿತೆಂದರೆ ‘ಪಾರಾದೆವು’ ಎಂದು ನಿಟ್ಟುಸಿರು ಬಿಡಬಾರದು. ಅಪಾಯ ಆಗಲೇ ಆರಂಭವಾಯಿತೆಂದು ತಿಳಿಯಬೇಕು. ಮುಂದೆ ಹೋದುದು ಹೆಚ್ಚಾಗಿ ಹೆಣ್ಣು. ಅದರ ಹಿಂದೆ ಮತ್ತೈದಾರು, ಅವುಗಳ ಹಿಂದೆ ಮರಿಗಳು, ಎಲ್ಲಕ್ಕೂ ಕೊನೆಗೆ ಅನೇಕ ವೇಳೆ ಕರಿಯ ಗಂಡು. ಮೊದಲನೆಯದನ್ನು ಕಂಡು ವೇಗ ತಗ್ಗಿಸಿದವನು, ಎರಡನೆಯದು ದಾಟಿದ ಮೇಲೆ ಮತ್ತೆ ವೇಗ ಹೆಚ್ಚಿಸಿ, ಮೂರನೆಯದಕ್ಕೆ ಗಾಡಿ ಬಡಿಸುತ್ತಾನೆ.

ಹೊತ್ತನ್ನೂ ಅವರು ಲೆಕ್ಕವಿಡುತ್ತಾರೆ. ಚಿಗರಿ ಮುಖ್ಯವಾಗಿ ಹಗಲಿನ ಪ್ರಾಣಿ. ನಡುಬಿಸಿಲಿನಲ್ಲಿ ಮಲಗಿ ಬೆಳಗಿನ ತಂಪಿನಲ್ಲಿಯೂ ಸಂಜೆಯ ಇಳಿಹೊತ್ತಿನಲ್ಲಿಯೂ ಮೇಯುತ್ತದೆ. ಸಂತೆ ಮುಗಿಸಿ, ಕಚೇರಿ ಮುಗಿಸಿ ಜನರು ಊರಿಗೆ ಮರಳುವುದೂ ಅದೇ ಸಂಜೆಯಲ್ಲಿ. ಆ ಮಬ್ಬಿನಲ್ಲಿ ದೀಪ ಹಚ್ಚಿದರೂ ದಾರಿ ಸರಿಯಾಗಿ ಕಾಣದು, ಹಚ್ಚದಿದ್ದರೂ ಕಾಣದು. ಕಂದು ಮೈಯ ಪ್ರಾಣಿ ಕಂದು ಹುಲ್ಲಿನಲ್ಲಿ ಕರಗಿಹೋಗಿರುತ್ತದೆ. ಕತ್ತಲಾದ ಮೇಲಂತೂ ಕಾಣುವುದು ಹೊಳೆಯುವ ಕಣ್ಣುಗಳು ಮಾತ್ರ. ಪ್ರಖರವಾದ ಬೆಳಕು ಮುಖಕ್ಕೆ ಬಿದ್ದ ಮೃಗವು ದಿಕ್ಕುಗಾಣದೆ ಇದ್ದಲ್ಲಿಯೇ ನಿಂತುಬಿಡುವುದುಂಟು. ಅಂಥಲ್ಲಿ ದೀಪವನ್ನು ತಗ್ಗಿಸಿ, ಗಾಡಿಯನ್ನು ನಿಧಾನವಾಗಿ ನಿಲ್ಲಿಸಿ, ಅದಕ್ಕೆ ದಾರಿ ಕಾಣುವಂತೆ ಮಾಡುವುದೇ ಉಪಾಯ.

ಬೆದೆಯ ಕಾಲದಲ್ಲಿ ಗಂಡುಗಳ ಕಾದಾಟ ಬೇರೆ. ಒಂದು ಗಂಡು ತನ್ನ ನೆಲೆಯಿಂದ ಇನ್ನೊಂದನ್ನು ಅಟ್ಟಿಕೊಂಡು ಬರುವಾಗ ಎರಡಕ್ಕೂ ಲೋಕದ ಪರಿವೆ ಇರುವುದಿಲ್ಲ. ಎಳೆಯ ಮರಿಗಳ ಕಷ್ಟ ಮತ್ತೊಂದು ಬಗೆಯದು. ಅಪಾಯ ಕಂಡಾಗ ಅಲುಗದೆ ಅಡಗಿ ಕುಳಿತುಕೊಳ್ಳುವುದು ಅವುಗಳ ಹುಟ್ಟುಗುಣ. ಹುಲ್ಲಿನಲ್ಲಿ ಅದು ಪ್ರಾಣ ಕಾಯುತ್ತದೆ. ಡಾಂಬರಿನ ಮೇಲೆ ಪ್ರಾಣ ತೆಗೆಯುತ್ತದೆ.

ಎರಡು ಕ್ಷಣದ ಲೆಕ್ಕ

ಗಂಟೆಗೆ ೮೦ ಕಿಲೋಮೀಟರಿನಂತೆ ಹೋಗುವ ಕಾರು ಒಂದು ಸೆಕೆಂಡಿಗೆ ೨೨ ಮೀಟರು ದಾಟುತ್ತದೆ. ಕಣ್ಣು ಕಂಡು, ಮನಸ್ಸು ಅರಿತು, ಕಾಲು ಬ್ರೇಕಿನ ಮೇಲೆ ಊರುವಷ್ಟರಲ್ಲಿ ಒಂದೂವರೆ ಸೆಕೆಂಡು ಕಳೆದರೆ ೩೩ ಮೀಟರು ಹೋಯಿತು. ಒಣರಸ್ತೆಯ ಮೇಲೆ ಒಳ್ಳೆಯ ಬ್ರೇಕು ಹಿಡಿದು ಗಾಡಿ ಪೂರ್ತಿ ನಿಲ್ಲಲು ಮತ್ತೆ ಸುಮಾರು ೩೫ ಮೀಟರು ಬೇಕು. ಒಟ್ಟಿನಲ್ಲಿ ೭೦ ಮೀಟರಿಗೆ ಸಮೀಪ. ತಗ್ಗಿಸಿದ ದೀಪದಲ್ಲಿ ಅಷ್ಟು ದೂರ ಕಾಣುವುದೇ ಕಷ್ಟ. ಅದೇ ಗಾಡಿ ೫೦ರ ವೇಗದಲ್ಲಿದ್ದರೆ ೩೫ ಮೀಟರಿನೊಳಗೆ ನಿಲ್ಲುತ್ತದೆ. ಬದುಕು ಸಾವುಗಳ ಅಂತರ ಇಷ್ಟೇ. ಮಳೆ ಬಿದ್ದು, ಹೊಲದಿಂದ ಬಂದ ಟ್ರ್ಯಾಕ್ಟರಿನ ಚಕ್ರಗಳಿಂದ ಎರೆಮಣ್ಣು ರಸ್ತೆಗೆ ಮೆತ್ತಿಕೊಂಡಿರುವಾಗ ಈ ಲೆಕ್ಕವೂ ನಡೆಯದು.

ಬಡಿಯುವುದು ತಪ್ಪದು ಎಂದು ತೋರಿದಾಗ ಚಾಲಕನ ಕೈ ತಾನಾಗಿ ಚಕ್ರವನ್ನು ತಿರುಗಿಸುತ್ತದೆ. ಪ್ರಾಣಿಯನ್ನು ಉಳಿಸಬೇಕೆಂಬ ಕರುಣೆ ಅದರಲ್ಲಿದೆ. ಆದರೆ ಮನುಷ್ಯರ ಪ್ರಾಣಕ್ಕೆ ಎರವಾಗುವುದೂ ಅದೇ. ರಸ್ತೆಯ ಬದಿಯ ಬೇವಿನ ಮರ, ಎದುರಿನಿಂದ ಬರುವ ಲಾರಿ, ತಗ್ಗಿನ ಕಾಲುವೆ, ಇವು ಚಿಗರಿಗಿಂತ ಕಠಿಣವಾದ ವಸ್ತುಗಳು. ಇದರಿಂದಲೇ ಅನೇಕ ದೇಶಗಳಲ್ಲಿ ಚಾಲಕರಿಗೆ ಕೊಡುವ ಬುದ್ಧಿವಾದ ಒಂದೇ ಬಗೆಯದು: ನಿಮ್ಮ ಸಾಲನ್ನು ಬಿಡಬೇಡಿ, ನೇರವಾಗಿಯೇ ಬ್ರೇಕು ಹಿಡಿಯಿರಿ. ಕೇಳಲು ನಿರ್ದಯವೆನಿಸಿದರೂ ಹಿಂದಿನ ಸೀಟಿನಲ್ಲಿ ಮಕ್ಕಳನ್ನು ಕೂರಿಸಿಕೊಂಡವನು ನೆನಪಿಡಬೇಕಾದ ಮಾತು. ಕಡವೆಗಿಂತ ದೊಡ್ಡದಾದ ಮೂಸ್ ಎಂಬ ಮೃಗವು ರಸ್ತೆಗೆ ಬರುವ ಸ್ವೀಡನ್ ದೇಶದಲ್ಲಿ, ಥಟ್ಟನೆ ಚಕ್ರ ತಿರುಗಿಸಿದರೆ ಕಾರು ಮಗುಚುವುದೋ ಇಲ್ಲವೋ ಎಂಬ ಪರೀಕ್ಷೆಯನ್ನೇ ನಡೆಸುತ್ತಾರೆ. ೧೯೯೭ರಲ್ಲಿ ಹೆಸರಾಂತ ಕಂಪನಿಯೊಂದರ ಹೊಚ್ಚಹೊಸ ಕಾರು ಆ ಪರೀಕ್ಷೆಯಲ್ಲಿ ಮಗುಚಿ ಬಿದ್ದುದು ಲೋಕಪ್ರಸಿದ್ಧವಾಯಿತು.

ಕಾರಿನವನಿಗೆ ತಗಡಿನ ಕವಚವಾದರೂ ಇದೆ. ಬೈಕಿನ ಮೇಲೆ ಹೋಗುವವನಿಗೆ ಅದೂ ಇಲ್ಲ. ಬೆಳಗಿನ ಜಾವ ಹಾಲಿನ ಕ್ಯಾನು ಕಟ್ಟಿಕೊಂಡು ಹೊರಟವನು, ರಾತ್ರಿಯ ಪಾಳಿ ಮುಗಿಸಿ ಹಳ್ಳಿಗೆ ಮರಳುವವನು, ಇವರ ಪಾಲಿಗೆ ೪೦ ಕಿಲೋ ತೂಕದ ಮೃಗವು ಹಾರಿ ಬಂದು ಬಡಿಯುವುದೆಂದರೆ ಬಂಡೆಯೇ ಬಂದು ಬಡಿದಂತೆ. ತಲೆಗೆ ಹೆಲ್ಮೆಟ್ಟು ಇದೆಯೆ ಇಲ್ಲವೆ ಎಂಬುದರ ಮೇಲೆ ಒಂದು ಸಂಸಾರದ ಭವಿಷ್ಯ ನಿಲ್ಲುತ್ತದೆ.

ಬಡಿದ ಮೇಲೆ

ಅಪಘಾತದ ಮರುಕ್ಷಣ ಚಾಲಕನ ಮನಸ್ಸಿನಲ್ಲಿ ಏಳುವ ಪ್ರಶ್ನೆ ಮೊದಲನೆಯದಕ್ಕಿಂತ ಕಠಿಣ: ನಿಲ್ಲಬೇಕೆ, ಹೋಗಬೇಕೆ? ಕೃಷ್ಣಮೃಗವೆಂದರೆ ಜೈಲು ಎಂಬುದು ಈಗ ಮನೆಮನೆಗೂ ಗೊತ್ತು. ೧೯೯೮ರಲ್ಲಿ ಜೋಧಪುರದ ಬಳಿ ನಡೆದ ಬೇಟೆಯ ಪ್ರಕರಣದಲ್ಲಿ ಹಿಂದಿಯ ಪ್ರಸಿದ್ಧ ಚಿತ್ರನಟರೊಬ್ಬರಿಗೆ ೨೦೧೮ರಲ್ಲಿ ಕೆಳಗಿನ ನ್ಯಾಯಾಲಯವು ೫ ವರ್ಷಗಳ ಶಿಕ್ಷೆ ವಿಧಿಸಿದ ಸುದ್ದಿಯನ್ನು ಯಾರು ಓದಿಲ್ಲ? ಆ ಅಂಜಿಕೆಯಿಂದ ಅನೇಕರು ನಿಲ್ಲದೆ ಹೋಗಿಬಿಡುತ್ತಾರೆ. ಬೆನ್ನು ಮುರಿದ ಪ್ರಾಣಿ ರಸ್ತೆಯ ಅಂಚಿನಲ್ಲಿ ಬೆಳಗಿನವರೆಗೆ ಒದ್ದಾಡುತ್ತದೆ, ಇಲ್ಲವೆ ನಾಯಿಗಳ ಪಾಲಾಗುತ್ತದೆ. ಕೆಲವೊಮ್ಮೆ ಮನುಷ್ಯರ ಪಾಲೂ ಆಗುತ್ತದೆ.

ಕಾನೂನು ಹೇಳುವುದೇನೆಂದು ತಿಳಿದರೆ ಈ ಅಂಜಿಕೆ ಅರ್ಧ ಕಡಿಮೆಯಾದೀತು. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿ ಕೃಷ್ಣಮೃಗವಿದೆ. ಅದನ್ನು ಬೇಟೆಯಾಡಿದವನಿಗೆ ೩ರಿಂದ ೭ ವರ್ಷಗಳ ಸೆರೆವಾಸ, ಜೊತೆಗೆ ೨೦೨೨ರ ತಿದ್ದುಪಡಿಯ ಮೇರೆಗೆ ೨೫,೦೦೦ ರೂಪಾಯಿಗೆ ಕಡಿಮೆಯಿಲ್ಲದ ದಂಡ. ಆದರೆ ಅದೇ ಕಾಯಿದೆಯ ೩೯ನೆಯ ಪ್ರಕರಣವು ಬೇಟೆಯಾಡಿದ ಪ್ರಾಣಿ, ಸತ್ತುಬಿದ್ದ ಪ್ರಾಣಿ, ಅರಿಯದೆ ಕೊಲ್ಲಲ್ಪಟ್ಟ ಪ್ರಾಣಿ ಎಂದು ಬೇರೆ ಬೇರೆಯಾಗಿಯೇ ಹೆಸರಿಸುತ್ತದೆ. ಮೂರೂ ಸರ್ಕಾರದ ಸ್ವತ್ತು. ಅಂಥದು ಯಾರ ವಶಕ್ಕೆ ಬಂದರೂ ೪೮ ಗಂಟೆಗಳೊಳಗಾಗಿ ಪೊಲೀಸ್ ಠಾಣೆಗೆ ಅಥವಾ ಅಧಿಕಾರಿಗೆ ತಿಳಿಸಬೇಕು. ನಿಂತು, ತಿಳಿಸಿ, ನಡೆದುದನ್ನು ಹೇಳಿದವನ ಮೇಲೆ ಅತಿವೇಗದ ವಿಚಾರಣೆ ನಡೆದರೂ ನಡೆಯಬಹುದು. ಆದರೆ ಆತನ ಸ್ಥಿತಿ ಬೇರೆ, ಸತ್ತ ಮೃಗವನ್ನು ಡಿಕ್ಕಿಯಲ್ಲಿ ಹಾಕಿಕೊಂಡು ಹೋದವನ ಸ್ಥಿತಿ ಬೇರೆ. ಅಪಘಾತದ ಮಾಂಸವೆಂಬ ನೆವವು ನ್ಯಾಯಾಲಯದಲ್ಲಿ ನಿಲ್ಲುವಂಥದಲ್ಲ.

ನಿಂತವನು ಮಾಡಬೇಕಾದುದೂ ಹೆಚ್ಚಿನದೇನಲ್ಲ. ಗಾಡಿಯನ್ನು ಬದಿಗೆ ತೆಗೆದು ಎಚ್ಚರಿಕೆಯ ದೀಪ ಹಚ್ಚಬೇಕು. ಅರಣ್ಯ ಇಲಾಖೆಯ ಸಹಾಯವಾಣಿ ೧೯೨೬ಕ್ಕೆ, ಜನರಿಗೆ ಗಾಯವಾಗಿದ್ದರೆ ಮೊದಲು ೧೧೨ಕ್ಕೆ ಕರೆಮಾಡಬೇಕು. ಪ್ರಾಣಿಗೆ ಜೀವವಿದ್ದರೆ ಗುಂಪು ಕೂಡಗೊಡಬಾರದು. ಚಿಗರಿಯ ಜಾತಿ ಬಹಳ ಪುಕ್ಕಲು. ಹಿಡಿದು ಕಟ್ಟಿದರೆ ಗಾಯದಿಂದ ಸಾಯದಿದ್ದರೂ ಗಾಬರಿಯಿಂದಲೇ ಸತ್ತುಹೋದೀತು. ಬಾಯಿಗೆ ನೀರು ಹೊಯ್ಯುವುದೂ ತಪ್ಪು. ಕೊಂಬಿಗೆ ಸಿಲುಕದಂತೆ, ಕಣ್ಣಿನ ಮೇಲೊಂದು ಬಟ್ಟೆ ಹಾಕಿ, ಸದ್ದಿಲ್ಲದೆ ಕಾಯುವುದೇ ನಿಜವಾದ ಉಪಚಾರ. ಇನ್ನು ಗಾಡಿಯ ಮಾತು: ಮೂರನೆಯವರ ವಿಮೆಯೊಂದನ್ನೇ ಮಾಡಿಸಿದವನಿಗೆ ಸ್ವಂತ ಗಾಡಿಯ ನಷ್ಟಕ್ಕೆ ಕಾಸೂ ದೊರೆಯದು, ಸಮಗ್ರ ವಿಮೆಯಿದ್ದವನಿಗೆ ಮಾತ್ರ ಕೇಳುವ ಹಕ್ಕುಂಟು.

ಹೊಲದವನ ಸಂಕಟ

ಚಿಗರಿ ರಸ್ತೆಗೆ ಏಕೆ ಬರುತ್ತದೆ ಎಂದು ಕೇಳಿದರೆ ಉತ್ತರವು ಹೊಲದಲ್ಲಿದೆ. ಕಪ್ಪತಗುಡ್ಡವನ್ನು ೨೦೧೯ರಲ್ಲಿ ವನ್ಯಜೀವಿ ಧಾಮವೆಂದು ಸಾರಲಾಯಿತು. ಗದಗ, ಮುಂಡರಗಿ, ಶಿರಹಟ್ಟಿ ತಾಲೂಕುಗಳಲ್ಲಿ ಸುಮಾರು ೨೪೪ ಚದರ ಕಿಲೋಮೀಟರಿನ ಹರಹು ಅದರದು. ನೆರೆಯ ಹಾವೇರಿ ಜಿಲ್ಲೆಯ ರಾಣೆಬೆನ್ನೂರಿನಲ್ಲಿ ಕೃಷ್ಣಮೃಗಗಳಿಗೆಂದೇ ೧೯೭೪ರಲ್ಲಿ ಧಾಮವಾಯಿತು. ಅದು ೧೧೯ ಚದರ ಕಿಲೋಮೀಟರು. ಆದರೆ ಚಿಗರಿಗೆ ಬೇಕಾದುದು ಗುಡ್ಡವಲ್ಲ, ಬಯಲು. ಆ ಬಯಲೆಲ್ಲ ಇಂದು ರೈತನ ಹೊಲ. ಹಿಂದೆ ಊರೂರಿಗೆ ಇದ್ದ ಗೋಮಾಳ, ಹುಲ್ಲುಗಾವಲುಗಳು ಕರಗುತ್ತ ಬಂದಂತೆ ಹಿಂಡುಗಳು ಬೆಳೆಯ ನಡುವೆಯೇ ಬಾಳತೊಡಗಿವೆ.

ಮುಂಗಾರಿನಲ್ಲಿ ಹೆಸರು ಮೊಳೆತಾಗ, ಹಿಂಗಾರಿನಲ್ಲಿ ಕಡಲೆ ಚಿಗುರಿದಾಗ ಹಿಂಡು ಬಂದು ಎಳೆಯ ಕುಡಿಗಳನ್ನು ಕತ್ತರಿಸಿಬಿಡುತ್ತದೆ. ತಿಂದುದಕ್ಕಿಂತ ತುಳಿದುದು ಹೆಚ್ಚು. ಸಾಲ ಮಾಡಿ ಬಿತ್ತಿದವನು ಎರಡನೆಯ ಸಲ ಬಿತ್ತಬೇಕಾಗುತ್ತದೆ. ಸರ್ಕಾರದಿಂದ ಬೆಳೆನಷ್ಟಕ್ಕೆ ಪರಿಹಾರವುಂಟು. ಅದು ಕೈಸೇರುವವರೆಗೆ ಕಾಯುವ ಶಕ್ತಿ ಎಲ್ಲರಿಗೂ ಇರದು. ಆದುದರಿಂದ ರೈತನು ತಮಟೆ ಬಾರಿಸಿ, ಪಟಾಕಿ ಸಿಡಿಸಿ, ನಾಯಿ ಬಿಟ್ಟು ಹಿಂಡನ್ನು ಅಟ್ಟುತ್ತಾನೆ. ಅಟ್ಟಿದ ಹಿಂಡು ಪಕ್ಕದ ಹೊಲಕ್ಕೆ ಹೋಗುತ್ತದೆ. ಅಲ್ಲಿಂದಲೂ ಅಟ್ಟಿದರೆ ರಸ್ತೆಗೆ ಹಾರುತ್ತದೆ. ಬೇಸಗೆಯಲ್ಲಿ ನೀರು ಹುಡುಕಿಕೊಂಡು ಕೆರೆಯ ಕಡೆಗೆ ಹೊರಟಾಗಲೂ ದಾರಿ ದಾಟಲೇಬೇಕು. ರೈತನ ಮೇಲಾಗಲಿ ಚಾಲಕನ ಮೇಲಾಗಲಿ ಮೃಗದ ಮೇಲಾಗಲಿ ತಪ್ಪು ಹೊರಿಸಿ ಕೈತೊಳೆದುಕೊಳ್ಳುವಂತಿಲ್ಲ.

ಕೃಷ್ಣಸಾರ ಮೃಗವು ಸಹಜವಾಗಿ ತಿರುಗಾಡುವ ನೆಲವೇ ಯಜ್ಞಕ್ಕೆ ಯೋಗ್ಯವಾದ ನೆಲವೆಂದು ನಮ್ಮ ಧರ್ಮಶಾಸ್ತ್ರಗಳು ಬಗೆದವು. ಉಪನಯನದ ವಟುವಿಗೆ ಅದರ ಚರ್ಮ ಪವಿತ್ರವಾಯಿತು. ಜಿಂಕೆಯ ರೂಪದಲ್ಲಿದ್ದ ಕಿಂದಮ ಋಷಿಗೆ ಬಾಣ ಬಿಟ್ಟು ಪಾಂಡುರಾಜನು ಶಾಪ ಹೊತ್ತ ಕಥೆಯನ್ನು ಮಕ್ಕಳೂ ಬಲ್ಲರು. ಗೌರವ ಇಷ್ಟಿದ್ದರೂ ದಾರಿಯಲ್ಲಿ ಅದಕ್ಕೆ ಎಡೆ ಬಿಡುವುದನ್ನು ನಾವು ಇನ್ನೂ ಕಲಿಯಬೇಕಾಗಿದೆ.

ದಾರಿಗೊಂದು ದಾರಿ

ಬೇರೆ ಕಡೆ ಇದನ್ನು ಕಲಿತಿದ್ದಾರೆ. ಕೆನಡಾ ದೇಶದ ಬಾನ್ಫ್ ಉದ್ಯಾನದಲ್ಲಿ ಹೆದ್ದಾರಿಯ ಎರಡೂ ಬದಿಗೆ ಬೇಲಿ ಕಟ್ಟಿ, ಪ್ರಾಣಿಗಳಿಗಾಗಿ ಮೇಲ್ಸೇತುವೆ ಕೆಳದಾರಿಗಳನ್ನು ಮಾಡಿದ ಮೇಲೆ ಅಪಘಾತಗಳು ನೂರಕ್ಕೆ ೮೦ಕ್ಕಿಂತ ಹೆಚ್ಚು ಪಾಲು ತಗ್ಗಿದವು. ನಮ್ಮ ದೇಶದಲ್ಲಿಯೇ ಪೆಂಚ್ ಅರಣ್ಯದ ಬಳಿ ೪೪ನೆಯ ರಾಷ್ಟ್ರೀಯ ಹೆದ್ದಾರಿಯನ್ನು ಕಂಬಗಳ ಮೇಲೆ ಎತ್ತಿ, ಅಡಿಯಲ್ಲಿ ಪ್ರಾಣಿಗಳಿಗೆ ಎಡೆಬಿಟ್ಟರು. ಹುಲಿ, ಚುಕ್ಕೆಜಿಂಕೆಗಳು ಅಲ್ಲಿ ನಡೆದಾಡುವುದು ಕ್ಯಾಮೆರಾಗಳಲ್ಲಿ ದಾಖಲಾಗಿದೆ. ಬಂಡೀಪುರದ ಹೆದ್ದಾರಿಗಳಲ್ಲಿ ೨೦೦೯ರಿಂದ ರಾತ್ರಿಯ ಸಂಚಾರಕ್ಕೆ ತಡೆ ಬಂದಿತು.

ಗದಗ ಸೀಮೆಯ ಬಯಲಿಗೆ ಅಂಥ ಸೇತುವೆ, ಅಂಥ ನಿಷೇಧ ಹೊಂದುವುದು ಕಷ್ಟ. ಇಲ್ಲಿ ಮೃಗಗಳು ಒಂದು ಕಡೆಯಲ್ಲಿ ದಾಟುವುದಿಲ್ಲ. ರಾತ್ರಿಯಲ್ಲಿ ಮಾತ್ರವೂ ದಾಟುವುದಿಲ್ಲ. ಆದರೆ ಹಿಂಡುಗಳು ಪದೇ ಪದೇ ಕಾಣಿಸಿಕೊಳ್ಳುವ ಎಡೆಗಳನ್ನು ಆ ಊರಿನ ರೈತರೂ ಬಸ್ಸಿನ ಚಾಲಕರೂ ಬಾಯಿಪಾಠದಲ್ಲಿ ಬಲ್ಲರು. ಅವರನ್ನು ಕೇಳಿ ಅಲ್ಲಿ ಎಚ್ಚರಿಕೆಯ ಫಲಕ ನಿಲ್ಲಿಸುವುದು, ವೇಗತಡೆ ಹಾಕುವುದು, ದೃಷ್ಟಿಗೆ ಅಡ್ಡವಾದ ಜಾಲಿಯ ಪೊದೆಗಳನ್ನು ರಸ್ತೆಯಂಚಿನಿಂದ ಸವರುವುದು, ಉಳಿದ ಹುಲ್ಲುಗಾವಲುಗಳನ್ನಾದರೂ ಉಳಿಸಿ ಅಲ್ಲಿಯೇ ನೀರಿನ ತೊಟ್ಟಿ ಕಟ್ಟುವುದು, ಇವು ದೊಡ್ಡ ವೆಚ್ಚದ ಕೆಲಸಗಳಲ್ಲ. ಬೆಳೆಯ ಪರಿಹಾರವು ರೈತನಿಗೆ ಹೊತ್ತಿಗೆ ಸರಿಯಾಗಿ ಸಂದರೆ ರಸ್ತೆಯ ಕಡೆಗೆ ಹಿಂಡನ್ನು ಅಟ್ಟುವ ಅವಸರವೂ ತಗ್ಗೀತು.

ಲಕ್ಷ್ಮೇಶ್ವರದ ಹಳೆಯ ಹೆಸರು ಪುಲಿಗೆರೆ, ಹುಲಿಯ ಕೆರೆ. ತಿರುಳ್ಗನ್ನಡದ ನಾಡೆಂದು ಹೆಸರಾದ ಆ ಪುಲಿಗೆರೆಯಲ್ಲಿ ಇಂದು ಹುಲಿ ಉಳಿದಿರುವುದು ಊರಿನ ಹೆಸರಿನಲ್ಲಿ ಮಾತ್ರ. ಚಿಗರಿಯಾದರೋ ಇನ್ನೂ ಹೊಲದಲ್ಲಿದೆ, ಇನ್ನೂ ಹಿಂಡುಹಿಂಡಾಗಿ ಹಾರುತ್ತಿದೆ. ಸಂಜೆಯ ಹೊತ್ತಿನಲ್ಲಿ ಮುಂಡರಗಿಯ ಕಡೆಗೋ ಶಿರಹಟ್ಟಿಯ ಕಡೆಗೋ ಹೊರಟವರು ಊರು ಮುಟ್ಟುವುದು ಕಾಲು ಗಂಟೆ ತಡವಾದರೆ ಆಗುವ ನಷ್ಟ ಅಲ್ಪ. ಮೊದಲನೆಯದು ದಾಟಿದ ಮೇಲೆ ಕೊನೆಯದೂ ದಾಟುವವರೆಗೆ ಗಾಡಿ ನಿಲ್ಲಿಸಿ ಕಾಯ್ದರೆ, ಅವುಗಳ ಮರಿಗಳೂ ತಾಯಿಯ ಬಳಿ ಸೇರುತ್ತವೆ. ನಮ್ಮ ಮಕ್ಕಳೂ ಮನೆ ಸೇರುತ್ತಾರೆ.